ಮಗುವಿನ ಬದಿಗೆ ಕೂಡುವವರಾರು?

ನವಿಲುತೀರ್ಥವೆಂದೊಡನೆ ನಮ್ಮ ವಾಚಕರ ಕಣ್ಣೆದುರಿಗೆ ಬಂದು ನಿಲ್ಲುವದು ಮಲಪ್ರಭೆಯ ಆಣೆಕಟ್ಟು. ಕಣಕುಂಬಿಯಲ್ಲಿ ಹುಟ್ಟಿ ಬರುವ ಹೊಳೆಯು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಮರಿಯಲ್ಲಿ ಹಾಯುವ ಸ್ಥಳದಲ್ಲಿ ಅದನ್ನು ತಡೆದು, ರೇಣುಕಾಸಾಗರವೆಂಬ ಜಲರಾಶಿಯನ್ನು ನಿಲ್ಲಿಸಿ, ನವಲಗುಂದ ನರಗುಂದಗಳ ಕರಿನೆಲದ ವರೆಗೆ ನೀರು ಮುಟ್ಟಿಸಿದ ಆ ಕಾರ್ಯದ ಬಗ್ಗೆ ಬರೆದವರು ಬಹಳ ಜನ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಬರುವ ಅಸಂಖ್ಯ ಭಕ್ತರಲ್ಲಿ ಅನೇಕರು ಆ ನೀರನ್ನೂ ಕಂಡು ಹೋಗುತ್ತಾರೆ. ಇಂದು ನಾವು ಬರೆಯಬೇಕೆಂದಿರುವದು ಅದೇ ಪ್ರದೇಶದ, ಎಂದರೆ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಈ ಭಾಗಗಳ ಹಳ್ಳಿಯ ಕನ್ನಡ ಶಾಲೆಗಳಲ್ಲಿ ನಡೆಯುತ್ತಿರುವ, ದಾರಿಹೋಕರ ಕಣ್ಣಿಗೆ ಬೀಳದ ಒಂದು ಕೆಲಸವನ್ನು ಕುರಿತು.

ಇಲ್ಲಿಯ ಪ್ರಾಥಮಿಕ ಶಾಲೆಗಳ ಹಾಜರೀ ಪುಸ್ತಕಗಳನ್ನು ತೆಗೆದು ನೋಡಿದರೆ, ಬಹುತೇಕ ಕಡೆಗಳಲ್ಲಿ ವಿಶೇಷ ಅಗತ್ಯವುಳ್ಳ ಮಗುವೆಂಬ ಗುರುತಿನ ಒಂದೆರಡು ಹೆಸರುಗಳು ಸಿಗುತ್ತವೆ. ಕಣ್ಣು ಮಂಜಾದ ಹುಡುಗಿ. ಕಿವಿ ಕೇಳದ ಹುಡುಗ. ಹುಟ್ಟುವಾಗ ಮೆದುಳಿಗೆ ಪೆಟ್ಟು ತಗಲಿ ಕೈಕಾಲು ಸೆಟೆದುಕೊಂಡ ಕೂಸು. ಹತ್ತು ತುಂಬಿದರೂ ಐದು ವರ್ಷದವರ ತಿಳಿವಳಿಕೆಯನ್ನು ದಾಟದ ಮಗು. ಇವರ ಹೆಸರು ಹಚ್ಚಿದ್ದಾಗಿದೆ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಎಲ್ಲವೂ ಉಳಿದವರಂತೆ ಇವರಿಗೂ ಸಲ್ಲುತ್ತವೆ. ಆದರೆ ಗುರುಗಳು ಕರಿಹಲಗೆಯ ಕಡೆಗೆ ತಿರುಗಿ ಲೆಕ್ಕ ಬರೆಯತೊಡಗಿದ ಗಳಿಗೆಯಲ್ಲಿ, ಆ ಮಗುವಿನ ಬದಿಗೆ ಕುಳಿತು ಅದರ ಕೈಗೆ ಬಳಪ ಕೊಟ್ಟು, ಆ ಲೆಕ್ಕವನ್ನು ಅದಕ್ಕೆ ನಿಲುಕುವಂತೆ ಇಳಿಸಿ ಹೇಳುವವರು ಯಾರು? ಹಳ್ಳಿಯ ಶಾಲೆಗೆ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಅಂಥವರ ಹೆಸರಿಲ್ಲ. ಕೆಲಸ ಮಾತ್ರ ಇದ್ದೇ ಇದೆ. ಅದನ್ನು ಯಾರೋ ಮಾಡುತ್ತಲೂ ಇದ್ದಾರೆ. ಅವರು ಯಾರೆಂಬದನ್ನೂ, ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆಂಬದನ್ನೂ ವಿಚಾರಿಸುವದು ಈ ಲೇಖನದ ಉದ್ದೇಶ.

ಅರುವತ್ತು ವರ್ಷಗಳ ಹಿಂದೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. 1960ರ ಸುಮಾರಿನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಗಳು, ಮಗುವಿನ ದೈಹಿಕ ಅಥವಾ ಮಾನಸಿಕ ನ್ಯೂನತೆಯನ್ನು ಶಾಲೆಗೆ ಬಾರದಿರುವದಕ್ಕೆ ಒಪ್ಪತಕ್ಕ ಕಾರಣವೆಂದು ಎಣಿಸುತ್ತಿದ್ದವು. ಆ ಮಾತು ತಂದೆತಾಯಿಗಳನ್ನು ದಂಡದಿಂದ ಉಳಿಸಿತು. ಮಗುವನ್ನು ಹಿತ್ತಲ ಕೋಣೆಯಿಂದ ಹೊರಗೆ ತರಲಿಲ್ಲ. ಅಂಥವರ ಸಲುವಾಗಿ ಪ್ರತ್ಯೇಕ ಸಂಸ್ಥೆಗಳು ಇರಲಿಲ್ಲವೆಂದಲ್ಲ. ಮೈಸೂರಿನಲ್ಲಿ ಕುರುಡರ ಮತ್ತು ಕಿವುಡರ ಶಾಲೆಯು 1901ರಷ್ಟು ಹಿಂದೆಯೇ ಹುಟ್ಟಿತ್ತು. ನಮ್ಮ ಈ ಭಾಗವು ಮುಂಬಯಿ ಪ್ರಾಂತದಲ್ಲಿದ್ದಾಗ, 1944ರಲ್ಲಿ, ಬುದ್ಧಿ ಬೆಳೆಯದ ತಮ್ಮ ಮಗಳಿಗಾಗಿ ವಕೀಲ ದಂಪತಿಗಳು ಮುಂಬಯಿಯಲ್ಲಿ ಜೈ ವಕೀಲ ಶಾಲೆಯನ್ನು ತೆರೆದರು. ಇನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಮ್ಮ ವಾಚಕರಿಗೆ ಪರಿಚಯಿಸಬೇಕಾದ ಕಾರಣವಿಲ್ಲ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದ ಮಕ್ಕಳಿಗೆ ಅನ್ನವಿಕ್ಕಿ, ಬದಿಗೆ ಕೂಡ್ರಿಸಿಕೊಂಡು ಸ್ವರ ತಿದ್ದಿ, ಭಿಕ್ಷೆಗೆ ಕೈಯೊಡ್ಡಬೇಕಾದವರನ್ನು ವಿದ್ವಾಂಸರನ್ನಾಗಿ ಮಾಡಿದರು. ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಶಿಕ್ಷಣ ಪ್ರಯೋಗವು ನಡೆದಿರುವದು ನಮಗೆ ತಿಳಿಯದು. ಆದರೂ ಒಂದು ಮಾತು ಉಳಿಯುತ್ತದೆ. ಅಲ್ಲಿಗೆ ಹೋಗಬೇಕಾದರೆ ಮಗುವು ಮನೆಯನ್ನೂ ಊರನ್ನೂ ಬಿಡಬೇಕು. ಬಿಟ್ಟು ಹೋದವರಿಗಿಂತ ಊರಲ್ಲಿಯೇ ಉಳಿದವರ ಸಂಖ್ಯೆಯು ಯಾವಾಗಲೂ ಹೆಚ್ಚು. 2011ರ ಜನಗಣತಿಯು ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಮಂದಿ ವಿಕಲಾಂಗರನ್ನು ಎಣಿಸಿತು. ಇಷ್ಟು ಜನರ ಎಳೆಯರನ್ನೆಲ್ಲ ಯಾವ ಆಶ್ರಮವೂ ಹಿಡಿಯಲಾರದು.

ಆದುದರಿಂದಲೇ ಊರ ಶಾಲೆಯ ಬಾಗಿಲನ್ನು ತೆರೆಯುವ ನೀತಿಯು ಬಂತು. 1974ರಲ್ಲಿ ಕೇಂದ್ರ ಸರಕಾರದ ಒಂದು ಯೋಜನೆಯಿಂದ ಅದರ ಆರಂಭವಾಯಿತು. 1995ರ ಕಾಯಿದೆಯು ಅದನ್ನು ಹಕ್ಕಿನ ಮಾತಾಗಿ ಮಾಡಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು, ತೀವ್ರ ವಿಕಲತೆಯುಳ್ಳ ಮಗುವು ಬೇಕೆಂದರೆ ಮನೆಯಲ್ಲಿಯೇ ಶಿಕ್ಷಣ ಪಡೆಯಬಹುದೆಂದು ಹೇಳಿತು. ಕೊನೆಗೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವಿಕಲತೆಗಳನ್ನು ಹೆಸರಿಸಿ, 6ರಿಂದ 18 ವರ್ಷದ ವರೆಗೆ ಉಚಿತ ಶಿಕ್ಷಣವನ್ನು ವಿಧಿಸಿತು. ಅದರ 16ನೆಯ ಕಲಮು ಮಗುವಿಗೆ ಬೇಕಾದ ಆಸರೆಯನ್ನು ಶಾಲೆಯು ಒದಗಿಸತಕ್ಕದ್ದೆಂದೂ, 17ನೆಯ ಕಲಮು ಅಂಥ ಶಿಕ್ಷಣಕ್ಕೆ ಆಧಾರವಾಗಿ ನಿಲ್ಲುವ ಸಿಬ್ಬಂದಿಯನ್ನು ಸರಕಾರವು ತರಬೇತುಗೊಳಿಸತಕ್ಕದ್ದೆಂದೂ ಹೇಳುತ್ತವೆ. ಕಾಯಿದೆಯ ಮಾತಿನಲ್ಲಿ ಕೊರತೆಯಿಲ್ಲ.

ಕಾಯಿದೆಯಿಂದ ತರಗತಿಗೆ ಬರೋಣ. ಪ್ರತಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಬಿ.ಐ.ಇ.ಆರ್.ಟಿ. ಎಂಬ ಅಕ್ಷರಗಳಿಂದ ಖಾತೆಯವರು ಅವರನ್ನು ಕರೆಯುವರು. ವಿಶೇಷ ಮಕ್ಕಳನ್ನು ಗುರುತಿಸುವದು, ವೈದ್ಯಕೀಯ ತಪಾಸಣೆಯ ಶಿಬಿರಕ್ಕೆ ಕರೆದೊಯ್ಯುವದು, ಸಲಕರಣೆಗಳನ್ನು ಕೊಡಿಸುವದು, ಶಾಲೆಗಳಿಗೆ ಹೋಗಿ ಗುರುಗಳಿಗೆ ದಾರಿ ತೋರುವದು, ಹಾಸಿಗೆ ಬಿಟ್ಟೇಳಲಾರದ ಮಗುವಿನ ಮನೆಗೆ ಹೋಗಿ ತಾಯಿಗೆ ಹೇಳಿಕೊಡುವದು ಇವೆಲ್ಲ ಅವರ ಪಾಲಿನವು. ಅದರ ಸಂಗಡ ಬರೆಯಬೇಕಾದ ತಖ್ತೆಗಳಿಗೆ ಲೆಕ್ಕವಿಲ್ಲ. ಮಲಪ್ರಭೆಯ ಆಚೆ ಈಚೆ ಚದುರಿದ ಊರುಗಳು. ಬಸ್ಸು ದಿನಕ್ಕೆ ಎರಡು ಸಲ ಬರುವ ಹಳ್ಳಿಗಳು. ತಾಲೂಕಿನಲ್ಲಿ ನೂರಕ್ಕೂ ಮೇಲ್ಪಟ್ಟ ಶಾಲೆಗಳು. ಎಷ್ಟೇ ನಿಷ್ಠಾವಂತರಾದರೂ ಬೆರಳೆಣಿಕೆಯ ಇಂಥ ಶಿಕ್ಷಕರು ಒಂದು ಶಾಲೆಗೆ ತಿಂಗಳಿಗೊಂದು ಬಾರಿ ಹೋದರೆ ಹೆಚ್ಚು. ಉಳಿದ ದಿನಗಳ ಗತಿಯೇನು?

ಆ ಉಳಿದ ದಿನಗಳನ್ನು ನಡೆಸುವವರು ಬೇರೆ. ಎಲ್ಲರಿಗಿಂತ ಮೊದಲು ತಾಯಿ: ಮಗನನ್ನು ಟೊಂಕದ ಮೇಲೆ ಹೊತ್ತು ತಂದು, ಬಾಗಿಲ ಹೊರಗೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಕುಳಿತು, ಅವನು ಅತ್ತಾಗ ಒಳಗೆ ಹೋಗಿ ಸಮಾಧಾನ ಮಾಡುವವಳು. ಹತ್ತಿ ಬಿಡಿಸುವ, ಕಬ್ಬು ಕಡಿಯುವ ಸುಗ್ಗಿಯಲ್ಲಿ ಅವಳು ಹೀಗೆ ಕುಳಿತ ಪ್ರತಿಯೊಂದು ದಿನವೂ ಒಂದು ಕೂಲಿ ಕಳೆದಂತೆ. ಎರಡನೆಯವಳು ಅಕ್ಕ. ನಾಲ್ಕನೆಯ ಇಯತ್ತೆಯಲ್ಲಿರುವ ಹುಡುಗಿಯನ್ನು ಎರಡನೆಯ ಇಯತ್ತೆಯ ತಮ್ಮನ ಸಂಗಡ ಕೂಡ್ರಿಸುವ ರೂಢಿಯು ಅನೇಕ ಶಾಲೆಗಳಲ್ಲಿದೆ. ತಮ್ಮನ ಹೆಸರಿನ ಮುಂದೆ ಹಾಜರಿಯು ಬೀಳುತ್ತದೆ. ಅಕ್ಕನ ಪಾಠವು ಹೋಗುತ್ತದೆ, ಮತ್ತು ಅದು ಹೋದದ್ದನ್ನು ಯಾವ ಪುಸ್ತಕವೂ ಬರೆದಿಡುವದಿಲ್ಲ. ಅನಂತರ ಅಡುಗೆಯವರು. ಅಕ್ಷರ ದಾಸೋಹದ ಒಲೆಯ ಮುಂದಿನಿಂದ ಎದ್ದು ಬಂದು ಆ ಮಗುವಿಗೆ ಉಣಿಸುವದು, ಒದ್ದೆಯಾದ ಬಟ್ಟೆ ಬದಲಿಸುವದು ಅವರ ಕರಾರಿನಲ್ಲಿ ಇಲ್ಲ, ಆದರೂ ಮಾಡುವರು. ಕೊನೆಗೆ ಬದಿಯ ಹುಡುಗರು. ಇವರ ಸಹಾಯದಲ್ಲಿ ಸ್ನೇಹವೂ ಇದೆ, ಚೇಷ್ಟೆಯೂ ಇದೆ. ಮನೆಯಲ್ಲಿ ಪಾಠ ಹೇಳುವದಕ್ಕೆ ಗೌರವಧನದ ಮೇಲೆ ಸ್ವಯಂಸೇವಕರನ್ನು ಗೊತ್ತುಮಾಡಿದ್ದುಂಟು. ಊರೂರಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆದರೆ ತರಗತಿಯೊಳಗೆ, ದಿನಾಲು, ಗೊತ್ತಾದ ವೇಳೆಗೆ ಬಂದು ಕೂಡುವ ಜವಾಬ್ದಾರಿಯು ಇವರಾರ ಮೇಲೆಯೂ ಇಲ್ಲ.

ಇದು ಬರಿಯ ಎತ್ತಿ ಇಳಿಸುವ ಕೆಲಸವೆಂದು ತಿಳಿದವರು ಒಂದು ದಿನ ಮಾಡಿ ನೋಡಬೇಕು. ಸೂಕ್ಷ್ಮವೆಲ್ಲ ಇಲ್ಲಿದೆಯಾದ ಕಾರಣ ಸ್ವಲ್ಪ ವಿವರವಾಗಿ ಹೇಳುವದು ಅವಶ್ಯ.

ಕಿವಿ ಮಂದವಾದ ಮಗುವನ್ನು ಎಲ್ಲಿ ಕೂಡ್ರಿಸಬೇಕು? ಮುಂದಿನ ಸಾಲಿನಲ್ಲಿ ಎಂದು ಎಲ್ಲರೂ ಹೇಳುವರು. ಆದರೆ ಗುರುಗಳ ಬೆನ್ನ ಹಿಂದೆ ಕಿಟಕಿಯಿದ್ದರೆ ಬೆಳಕು ಕಣ್ಣಿಗೆ ಹೊಡೆದು ಅವರ ತುಟಿಗಳು ಕಾಣುವದಿಲ್ಲ. ಆಗ ಮುಂದಿನ ಸಾಲೂ ನಿಷ್ಪ್ರಯೋಜಕ. ಶಿಬಿರದಲ್ಲಿ ಕೊಟ್ಟ ಕಿವಿಯ ಮಶೀನಿಗೆ ಗುಂಡಿಯಷ್ಟು ಚಿಕ್ಕದಾದ ಬ್ಯಾಟರಿಯು ಬೇಕು. ಅದು ತೀರಿದರೆ ಹಳ್ಳಿಯ ಅಂಗಡಿಯಲ್ಲಿ ಸಿಗುವದಿಲ್ಲ. ಮಶೀನು ಟ್ರಂಕನ್ನು ಸೇರುತ್ತದೆ. ಬ್ಯಾಟರಿಯು ತೀರಿದ್ದನ್ನು ಮೊದಲ ದಿನವೇ ಕಂಡುಹಿಡಿಯುವವರು ಬದಿಗೆ ಕುಳಿತವರೇ ಹೊರ್ತು ಮತ್ತಾರೂ ಅಲ್ಲ. ಕೈಕಾಲು ಸೆಟೆದ ಮಗುವಿಗೆ ಗಾಲಿಕುರ್ಚಿಯು ಬಂದಿರುತ್ತದೆ. ವರ್ಷದಲ್ಲಿ ಮಗು ಬೆಳೆಯುತ್ತದೆ, ಕುರ್ಚಿ ಬೆಳೆಯುವದಿಲ್ಲ. ಕಾಲು ಜೋತು ಬಿದ್ದರೆ ಮೈಯೆಲ್ಲ ಒಂದು ಕಡೆಗೆ ವಾಲುತ್ತದೆ; ಮೈ ವಾಲಿದರೆ ಕೈಗೆ ಹತೋಟಿ ತಪ್ಪುತ್ತದೆ. ಕಾಲಡಿಗೆ ಒಂದು ಹಲಗೆಯನ್ನೋ ಎರಡು ಇಟ್ಟಂಗಿಗಳನ್ನೋ ಇಟ್ಟು, ಬಳಪಕ್ಕೆ ಅರಿವೆಯ ಚೂರು ಸುತ್ತಿ ದಪ್ಪ ಮಾಡಿ ಕೊಟ್ಟರೆ, ನಿನ್ನೆ ಗೀಟು ಎಳೆಯಲಾರದ ಕೈಯು ಇಂದು ಎಳೆಯುತ್ತದೆ. ಇದಕ್ಕೆ ಹಣ ಬೇಕಿಲ್ಲ. ದಿನಾಲು ನೋಡುವ ಕಣ್ಣು ಬೇಕು.

ಬುದ್ಧಿಯ ಬೆಳವಣಿಗೆಯು ನಿಧಾನವಾದ ಮಗುವಿಗೆ ಕಲಿಸುವ ರೀತಿ ಇನ್ನೊಂದು. ಕೈ ತೊಳೆದುಕೋ ಎಂಬದು ನಮಗೆ ಒಂದು ಕೆಲಸ. ಆ ಮಗುವಿಗೆ ಅದು ಏಳೆಂಟು ಕೆಲಸಗಳು. ನೀರಿನ ಹತ್ತಿರ ಹೋಗುವದು, ತೋಳು ಮೇಲೆ ಮಾಡುವದು, ನೀರು ಹಾಕಿಕೊಳ್ಳುವದು, ಸಾಬಾಣು ಹಚ್ಚುವದು, ಉಜ್ಜುವದು, ತೊಳೆಯುವದು, ಒರೆಸುವದು. ಬಲ್ಲವರು ಮೊದಲಿನ ಆರನ್ನು ತಾವು ಹಿಡಿದು ಮಾಡಿಸಿ, ಕೊನೆಯ ಒರೆಸುವದನ್ನು ಮಾತ್ರ ಮಗುವಿಗೆ ಬಿಡುವರು. ಕೆಲಸ ಮುಗಿಸಿದ ಸಂತೋಷವು ಅದರದಾಗುತ್ತದೆ. ಮುಂದಿನ ವಾರ ಕೊನೆಯ ಎರಡನ್ನು ಬಿಡುವರು. ಹೀಗೆ ಹಿಂದಿನಿಂದ ಮುಂದಕ್ಕೆ ಬರುವದು. ಎಣಿಕೆಗೆ ಹುಣಿಸೇಬೀಜ, ಅಕ್ಷರಕ್ಕೆ ಮರಳಿನ ಮೇಲೆ ಬೆರಳು. ಆಟಿಸಂ ಎಂದು ಹೇಳಲಾಗುವ ಸ್ಥಿತಿಯ ಮಗುವಾದರೆ ಗಂಟೆಯ ಸಪ್ಪಳವೇ ಅದಕ್ಕೆ ಹೊಡೆತದಂತೆ ತಗಲುವದುಂಟು. ಗಂಟೆ ಬಾರಿಸುವದಕ್ಕೆ ಸ್ವಲ್ಪ ಮುಂಚೆ ಅದಕ್ಕೆ ಚಿತ್ರ ತೋರಿಸಿ, ಈಗ ಊಟವೆಂದು ತಿಳಿಸಿದರೆ ಅರ್ಧದಷ್ಟು ರಂಪವು ತಪ್ಪೀತು. ಜಾತ್ರೆಯ ದಿನಗಳಲ್ಲಿ ಟ್ರಾಕ್ಟರು, ಚಕ್ಕಡಿ, ಡೊಳ್ಳುಗಳ ಗದ್ದಲವು ರಸ್ತೆಯ ಬದಿಯ ಶಾಲೆಗಳಲ್ಲಿ ತುಂಬಿದಾಗ ಇಂಥ ಮಗುವಿಗೆ ಒಳಕೋಣೆಯ ಒಂದು ಮೂಲೆಯನ್ನು ಹುಡುಕಿಡಬೇಕು.

ಮೂರ್ಛೆರೋಗದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಮಗು ತರಗತಿಯಲ್ಲಿ ಬಿದ್ದು ಒದ್ದಾಡತೊಡಗಿದರೆ ಉಳ್ಳಾಗಡ್ಡಿ ಮೂಸಿಸುವದು, ಕೈಗೆ ಕಬ್ಬಿಣದ ಕೀಲಿಕೈ ತುರುಕುವದು, ಕೆರವನ್ನು ಮೂಗಿಗೆ ಹಿಡಿಯುವದು ಇನ್ನೂ ನಡೆದಿದೆ. ಇವುಗಳಿಂದ ಏನೂ ಆಗುವದಿಲ್ಲ. ಬಾಯಿಗೆ ಚಮಚ ಇಕ್ಕುವದರಿಂದಲಾದರೋ ಹಲ್ಲು ಮುರಿದು ಉಸಿರು ಕಟ್ಟುವ ಭಯವಿದೆ. ಸುತ್ತಲಿನ ಗಟ್ಟಿ ಸಾಮಾನುಗಳನ್ನು ಸರಿಸಿ, ಮಗುವನ್ನು ಮಗ್ಗುಲಾಗಿ ಹೊರಳಿಸಿ, ಕೊರಳ ಗುಂಡಿ ಸಡಿಲಿಸಿ, ಗಡಿಯಾರ ನೋಡುತ್ತ ಕೂಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಅರ್ಧ ತಾಸಿನಲ್ಲಿ ಯಾರಿಗೂ ಕಲಿಸಬಹುದು. ಕಲಿಸಲ್ಪಟ್ಟವರು ಎಷ್ಟು ಶಾಲೆಗಳಲ್ಲಿದ್ದಾರೆಂಬದನ್ನು ಅಧಿಕಾರಿಗಳು ತಮ್ಮ ಮುಂದಿನ ತಪಾಸಣೆಯಲ್ಲಿ ಕೇಳಿ ನೋಡಲಿ.

ಈ ವಿದ್ಯೆಯ ಇತಿಹಾಸದಲ್ಲಿಯೂ ಬದಿಗೆ ಕುಳಿತವರ ಹೆಸರು ಕೆಳಗೆ ಬಿದ್ದಿದೆ. 1800ರಲ್ಲಿ ಫ್ರಾನ್ಸ್ ದೇಶದ ಆವೆರೋನ್ ಪ್ರಾಂತದ ಕಾಡಂಚಿನಲ್ಲಿ ಮಾತು ಬಾರದ, ಹನ್ನೊಂದು ಹನ್ನೆರಡರ ವಯಸ್ಸಿನ ಒಬ್ಬ ಹುಡುಗನು ಸಿಕ್ಕಿದನು. ಪ್ಯಾರಿಸ್ಸಿನ ಕಿವುಡ ಮೂಕರ ಸಂಸ್ಥೆಯ ವೈದ್ಯನಾದ ಇಟಾರ್ ಎಂಬವನು ಅವನಿಗೆ ವಿಕ್ಟರನೆಂದು ಹೆಸರಿಟ್ಟು, ಕಲಿಸಲು ಯತ್ನಿಸಿ, ತನ್ನ ಪ್ರಯೋಗವನ್ನು 1801ರಲ್ಲಿಯೂ 1806ರಲ್ಲಿಯೂ ಬರೆದು ತಿಳಿಸಿದನು. ಅವನಿಂದ ಸೆಗ್ವಿನನೂ, ಅವರಿಬ್ಬರ ಬರಹಗಳಿಂದ ಮಾರಿಯಾ ಮಾಂಟೆಸರಿಯೂ ದಾರಿ ಪಡೆದರು. ಆ ಮಹಿಳೆಯು 1939ರಲ್ಲಿ ಭಾರತಕ್ಕೆ ಬಂದು ಅಡ್ಯಾರದಲ್ಲಿ ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟದ್ದು ಪ್ರಸಿದ್ಧವೇ ಇದೆ. ಆದರೆ ವಿಕ್ಟರನಿಗೆ ಉಣಿಸಿ, ಅಡ್ಡಾಡಿಸಿ, ಅವನ ಸಿಟ್ಟನ್ನು ತಾಳಿಕೊಂಡು, ಇಟಾರನ ಪಾಠಕ್ಕೆ ಅವನನ್ನು ಅಣಿಗೊಳಿಸುತ್ತಿದ್ದವಳು ಗೇರಾಂ ಎಂಬ ಹೆಂಗಸು. ಸರಕಾರವು ಅವಳಿಗೆ ವರ್ಷಕ್ಕೆ 150 ಫ್ರಾಂಕು ಕೊಡುತ್ತಿತ್ತು. ಇಟಾರನು ಕೆಲ ವರ್ಷಗಳ ಮೇಲೆ ಬೇಸತ್ತು ಕೈಬಿಟ್ಟನು. ಆಕೆಯು 1828ರಲ್ಲಿ ವಿಕ್ಟರನು ಸಾಯುವ ತನಕ ಅವನನ್ನು ನೋಡಿಕೊಂಡಳು. ಇನ್ನೂರು ವರ್ಷಗಳ ಹಿಂದಿನ ಆ ಸರಕಾರವು ಅಲ್ಪವನ್ನೇ ಕೊಟ್ಟಿತೆನ್ನೋಣ. ಕೊಡತಕ್ಕದ್ದೊಂದು ಇದೆಯೆಂಬದನ್ನಾದರೂ ಒಪ್ಪಿಕೊಂಡಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಪ್ರತಿ ವಿಶೇಷ ಮಗುವಿಗೂ ಒಬ್ಬೊಬ್ಬ ಸಹಾಯಕರನ್ನು ಅಂಟಿಸಿಬಿಡುವದೇ ಪರಿಹಾರವೆಂದು ಯಾರೂ ತಿಳಿಯಬಾರದು. ಅದನ್ನು ಮಾಡಿದ ದೇಶದ ಅನುಭವವು ನಮ್ಮೆದುರಿಗಿದೆ. ಇಂಗ್ಲಂಡಿನ ಶಾಲೆಗಳಲ್ಲಿ ತರಗತಿ ಸಹಾಯಕರ ಸಂಖ್ಯೆಯು ಬಹಳವಾಗಿ ಬೆಳೆಯಿತು. 2003ರಿಂದ 2009ರ ವರೆಗೆ ಲಂಡನ್ನಿನ ಪ್ರೊಫೆಸರ ಬ್ಲಾಚ್‌ಫರ್ಡ್ ಎಂಬವರ ಮುಂದಾಳುತನದಲ್ಲಿ ಈ ಬಗ್ಗೆ ದೊಡ್ಡ ಸಂಶೋಧನೆಯು ನಡೆದು, ಯಾರೂ ನಿರೀಕ್ಷಿಸದ ಸಂಗತಿಯೊಂದು ಹೊರಬಿತ್ತು. ಸಹಾಯಕರ ನೆರವನ್ನು ಹೆಚ್ಚು ಪಡೆದ ಮಕ್ಕಳು, ಅವರಂಥವೇ ಆಗಿದ್ದು ಕಡಿಮೆ ನೆರವು ಪಡೆದ ಮಕ್ಕಳಿಗಿಂತ ಕಲಿಕೆಯಲ್ಲಿ ಹಿಂದೆ ಬಿದ್ದಿದ್ದರು. ಕಾರಣವು ಸಹಾಯಕರ ಸೋಮಾರಿತನವಲ್ಲ. ಮಗುವಿಗೆ ಸಹಾಯಕರಿದ್ದಾರೆಂದು ಗುರುಗಳು ಅದರ ಕಡೆಗೆ ನೋಡುವದನ್ನು ಬಿಟ್ಟರು; ಸಹಾಯಕರಾದರೋ ಪಾಠ ತಿಳಿಯುವದಕ್ಕಿಂತ ಕೊಟ್ಟ ಕೆಲಸ ಮುಗಿಯುವದರ ಕಡೆಗೆ ಲಕ್ಷ್ಯವಿಟ್ಟು, ಉತ್ತರವನ್ನು ತಾವೇ ಹೇಳಿಬಿಡುತ್ತಿದ್ದರು. ಅತ್ಯಂತ ಹೆಚ್ಚಿನ ಕಲಿಸುವಿಕೆ ಬೇಕಾದ ಮಗುವು ಅತ್ಯಂತ ಕಡಿಮೆ ತರಬೇತಿಯುಳ್ಳವರ ಪಾಲಾಯಿತು.

ನಮ್ಮಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಮೂಲೆಯಲ್ಲಿ ಕುಳಿತ ಮಗು, ಅದರ ಬದಿಗೆ ಒಬ್ಬ ಹೆಂಗಸು, ಇಬ್ಬರಿಗೂ ಬೆನ್ನು ತಿರುಗಿಸಿದ ತರಗತಿ — ಇಂಥ ಏರ್ಪಾಡಿಗಿಂತ ತಾಯಿಯು ಹೊರಗೆ ಕಟ್ಟೆಯ ಮೇಲೆ ಕೂಡುವದೇ ವಾಸಿ. ಆದುದರಿಂದ ಸಹಾಯಕಿಯ ಕೆಲಸದ ಅಳತೆಗೋಲು ಒಂದೇ: ಮಗುವಿಗೂ ಗುರುಗಳಿಗೂ ನಡುವೆ ಅವಳು ಕೂಡಬಾರದು, ಮಗುವನ್ನು ಗುರುಗಳ ಹತ್ತಿರಕ್ಕೆ ತರಬೇಕು, ಮತ್ತು ದಿನದಿನಕ್ಕೆ ತನ್ನ ಕೈಯನ್ನು ಹಿಂದೆ ತೆಗೆಯುತ್ತ ಹೋಗಬೇಕು.

ಅದೃಷ್ಟವಶಾತ್ ಈ ತತ್ತ್ವವನ್ನು ಹೊರಗಿನಿಂದ ತರಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ ಅನಂತರ ರಾಜ್ಯದ ಸರಕಾರೀ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಅದು ಆಗಲೇ ಇದೆ. ಅಲ್ಲಿ ಕೆಳಗಿನ ಇಯತ್ತೆಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂಡುವರು. ಮೊದಲ ತಟ್ಟೆಯಲ್ಲಿ ಗುರುಗಳ ಪೂರ್ಣ ಸಹಾಯ, ಮುಂದೆ ಅದರ ಅಂಶ, ಆಮೇಲೆ ಜೊತೆಯ ಮಕ್ಕಳ ಸಹಾಯ, ಕೊನೆಯ ತಟ್ಟೆಯಲ್ಲಿ ಮಗು ತಾನಾಗಿ ಕಲಿಯುವದು. ಪ್ರತಿಯೊಂದು ಮಗುವೂ ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲಲ್ಲಿಯೇ ನಿಂತಿರುವದರಿಂದ, ನಿಧಾನವಾಗಿ ಏರುವ ಮಗುವು ಅಲ್ಲಿ ಎದ್ದು ಕಾಣುವದಿಲ್ಲ. ವಿಶೇಷ ಮಗುವಿಗೆ ಇದಕ್ಕಿಂತ ಅನುಕೂಲವಾದ ತರಗತಿಯನ್ನು ಕಲ್ಪಿಸುವದು ಕಷ್ಟ. ಆದರೆ ಗುರುಗಳು ಒಬ್ಬರೇ. ಕೋಣೆಯಲ್ಲಿ ಮೂವತ್ತು ಮಕ್ಕಳಿದ್ದರೆ ಆ ಒಂದು ಮಗುವು ಮೊದಲ ತಟ್ಟೆಯಲ್ಲಿಯೇ ವರ್ಷಗಳನ್ನು ಕಳೆಯುತ್ತದೆ. ಸಹಾಯಕಿಯು ಬೇಕಾಗಿರುವದು ಇಲ್ಲಿ. ಅವಳು ಉಳಿದ ಮಕ್ಕಳ ಒಂದು ಗುಂಪನ್ನು ಹಿಡಿದಾಗ ಗುರುಗಳು ವಿಶೇಷ ಮಗುವಿನ ಹತ್ತಿರ ಬರಬಹುದು. ಗುರುಗಳು ಉಳಿದವರಲ್ಲಿದ್ದಾಗ ಅವಳು ಇದರ ಬದಿಗಿರಬಹುದು.

ವಿಶೇಷ ಶಿಕ್ಷಕರನ್ನು ನೇಮಿಸಿದರೆ ಸಾಲದೆ, ಮತ್ತೆ ಸಹಾಯಕರೇಕೆ ಎಂದು ಕೇಳುವ ಅಧಿಕಾರಿಗಳಿದ್ದಾರೆ. ವಿಶೇಷ ಶಿಕ್ಷಕರ ನೇಮಕವು ಆಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. 2021ರ ಅಕ್ಟೋಬರ 28ರಂದು ಸರ್ವೋಚ್ಚ ನ್ಯಾಯಾಲಯವು ರಜನೀಶಕುಮಾರ ಪಾಂಡೆಯವರ ಮೊಕದ್ದಮೆಯಲ್ಲಿ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರತಕ್ಕದ್ದೆಂದು ಹೇಳಿತು. ಮೂರು ವರ್ಷಗಳ ಮೇಲಾದರೂ ರಾಜ್ಯಗಳು ಹುದ್ದೆಗಳನ್ನೇ ಗೊತ್ತುಪಡಿಸದಿರಲು, 2025ರ ಮಾರ್ಚ 7ರಂದು ಮೂರು ವಾರಗಳ ಗಡುವು ಕೊಡಬೇಕಾಯಿತು. ಆದರೆ ಈ ಲೆಕ್ಕವು ಸಂಪೂರ್ಣವಾಗಿ ಜಾರಿಗೆ ಬಂದಾಗಲೂ, ಒಂದೆರಡೇ ವಿಶೇಷ ಮಕ್ಕಳಿರುವ ಹಳ್ಳಿಯ ಶಾಲೆಗೆ ದಿನಾಲು ಬರುವ ವಿಶೇಷ ಶಿಕ್ಷಕರು ದೊರೆಯರು. ನಾಲ್ಕೈದು ಊರುಗಳಿಗೆ ಒಬ್ಬರಾದಾರು. ವೈದ್ಯರು ವಾರಕ್ಕೊಮ್ಮೆ ಬರುವ ಊರಲ್ಲಿ ದಾದಿಯು ದಿನವೂ ಇರಬೇಕಾಗುವದಿಲ್ಲವೆ?

ಖರ್ಚಿನ ಮಾತು ಬರುವದು ಸ್ವಾಭಾವಿಕ. ಸಮಗ್ರ ಶಿಕ್ಷಣ ಯೋಜನೆಯು ವಿಶೇಷ ಅಗತ್ಯದ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಗಳನ್ನು ಗೊತ್ತುಮಾಡಿತು. ಹುಡುಗಿಯರಿಗೆ ತಿಂಗಳಿಗೆ 200 ರೂಪಾಯಿಯ ಭತ್ಯೆಯನ್ನು ಕೂಡಿಸಿತು. ಸಲಕರಣೆ, ಸಾಗಣೆ, ಶಿಬಿರಗಳೆಲ್ಲ ಅದರಲ್ಲಿಯೇ ನಡೆಯಬೇಕೆಂದರೆ ಒಬ್ಬ ಸಹಾಯಕಿಯ ಸಂಬಳವು ಹುಟ್ಟಲಾರದೆಂಬದು ನಿಜ. ಆದರೆ ಈ ರಾಜ್ಯಕ್ಕೆ ಇಂಥ ಕೆಲಸವು ಹೊಸದಲ್ಲ. 1975ರಲ್ಲಿ ಅಂಗನವಾಡಿಗಳು ಆರಂಭವಾದಾಗ ಪ್ರತಿಯೊಂದಕ್ಕೂ ಒಬ್ಬ ಕಾರ್ಯಕರ್ತೆಯನ್ನೂ ಒಬ್ಬ ಸಹಾಯಕಿಯನ್ನೂ ಗೊತ್ತುಮಾಡಿದರು. ಮೂರರಿಂದ ಆರರ ವರೆಗಿನ ಕೂಸುಗಳಿಗೆ ಎರಡು ಜೊತೆ ಕೈಗಳು ಬೇಕೆಂಬದನ್ನು ಆಗ ಯಾರೂ ವಾದಿಸಿ ಗೆಲ್ಲಬೇಕಾಗಲಿಲ್ಲ. ಅದೇ ಮಗುವಿಗೆ ಆರು ತುಂಬಿದ ದಿನ, ಅದರ ಕಾಲಿಗೆ ಬಲ ಬಂದಿತೆಂದು ಸರಕಾರವು ಯಾವ ಆಧಾರದಿಂದ ತೀರ್ಮಾನಿಸಿತು? 2002ರಲ್ಲಿ ಅಕ್ಷರ ದಾಸೋಹವು ಶುರುವಾದ ಬಳಿಕ ಊರೂರ ಶಾಲೆಗೆ ಆ ಊರಿನ ಹೆಂಗಸರೇ ಅಡುಗೆಗೆ ನೇಮಿಸಲ್ಪಟ್ಟರು. ಇಷ್ಟೊಂದು ಜನರನ್ನು ಹುಡುಕಿ, ಕಲಿಸಿ, ಲೆಕ್ಕವಿಟ್ಟು ನಡೆಸುವದು ಆಗದ ಮಾತೆಂದು ಅಂದು ಹೇಳಿದವರ ಬಾಯಿ ಮುಚ್ಚಿದೆ. ಇಷ್ಟು ಮಾತ್ರ ಎಚ್ಚರವಿರಲಿ: ಅಂಗನವಾಡಿಯವರಿಗೂ ಅಡುಗೆಯವರಿಗೂ ಗೌರವಧನವೆಂಬ ಹೆಸರಿನಿಂದ ಕೊಟ್ಟದ್ದರಲ್ಲಿ ಗೌರವವೂ ಸಾಲದು, ಧನವೂ ಸಾಲದು, ಅದಕ್ಕಾಗಿ ಅವರು ಮತ್ತೆ ಮತ್ತೆ ಬೀದಿಗೆ ಇಳಿಯಬೇಕಾಗಿದೆ. ಹೊಸದಾಗಿ ಇನ್ನೊಂದು ಅಂಥದೇ ವರ್ಗವನ್ನು ಸೃಷ್ಟಿಸುವದಾದರೆ ಸೃಷ್ಟಿಸದಿರುವದು ಒಳಿತು.

ಯಾರನ್ನು ನೇಮಿಸಬೇಕು? ಪದವಿಯ ಪಂಕ್ತಿಯನ್ನು ಮೇಲೆ ಇಟ್ಟರೆ ಪಟ್ಟಣದವರು ಬಂದು ವರ್ಗಾವಣೆಯ ದಾರಿ ಕಾಯುವರು. ಹತ್ತನೆಯ ಇಯತ್ತೆಯ ವರೆಗೆ ಓದಿದ, ಅದೇ ಊರಿನ, ಬೇಕಾದರೆ ಅಂಥ ಮಗುವಿನ ತಾಯಿಯೇ ಆದ ಹೆಂಗಸು ಇದಕ್ಕೆ ಯೋಗ್ಯಳು. ಮನೆಯಲ್ಲಿ ಹತ್ತು ವರ್ಷ ಕಲಿತದ್ದನ್ನು ಅವಳಿಗೆ ಯಾವ ತರಬೇತಿಯೂ ಕೊಡಲಾರದು. ತರಬೇತಿಯು ಅದಕ್ಕೆ ಶಿಸ್ತನ್ನು ಕೊಟ್ಟರೆ ಸಾಕು. ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ; ಮೂರ್ಛೆ, ಬುದ್ಧಿಯ ಬೆಳವಣಿಗೆಗಳ ವಿಷಯಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯು ಸಮೀಪದಲ್ಲಿದೆ; ಮಾತು ಮತ್ತು ಕಿವಿಗೆ ಸಂಬಂಧಿಸಿದ್ದಕ್ಕೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಬೇಸಿಗೆಯ ಸೂಟಿಯಲ್ಲಿ ಕೆಲವು ವಾರ, ಅನಂತರ ತಿಂಗಳಿಗೊಂದು ದಿನ ತಾಲೂಕಿನ ಸಂಪನ್ಮೂಲ ಶಿಕ್ಷಕರ ಹತ್ತಿರ. ಶಾಲೆಯ ಗುರುಗಳನ್ನೂ ಅದೇ ತರಬೇತಿಗೆ ಅವಳ ಸಂಗಡವೇ ಕೂಡ್ರಿಸತಕ್ಕದ್ದು. ಇಬ್ಬರಲ್ಲಿ ಒಬ್ಬರಿಗೇ ಕಲಿಸಿದರೆ ಇಂಗ್ಲಂಡಿನ ಕಥೆಯು ಮಲಪ್ರಭೆಯ ದಂಡೆಯಲ್ಲಿಯೂ ನಡೆಯುವದು.

ಬೆಂಗಳೂರಿನ ಆಜ್ಞೆಯು ಬರುವ ವರೆಗೆ ಕೈಕಟ್ಟಿ ಕೂಡಬೇಕಾದದ್ದೂ ಇಲ್ಲ. ಗ್ರಾಮ ಪಂಚಾಯತಿಗಳು ತಮ್ಮ ಸ್ವಂತ ಉತ್ಪನ್ನದ ಶೇಕಡಾ 5ರಷ್ಟನ್ನು ವಿಕಲಚೇತನರ ಸಲುವಾಗಿ ಮೀಸಲಿಡಬೇಕೆಂಬ ನಿಯಮವಿದೆ. ಈ ಹಣವು ಅನೇಕ ಕಡೆ ವರ್ಷದ ಕೊನೆಯಲ್ಲಿ ಅವಸರದಿಂದ ಯಾವದಾದರೊಂದು ಸಾಮಾನಿಗೆ ಖರ್ಚಾಗಿ ಹೋಗುತ್ತದೆ. ಪ್ರತಿ ಶಾಲೆಗೂ ತಂದೆತಾಯಿಗಳೇ ಕೂಡಿದ ಶಾಲಾಭಿವೃದ್ಧಿ ಸಮಿತಿಯಿದೆ. ಸವದತ್ತಿಯ ಕಡೆಯ ಯಾವದೇ ಸಮಿತಿಯು ಜೂನ ತಿಂಗಳ ಮೊದಲ ಸಭೆಯಲ್ಲಿ, ನಮ್ಮ ಶಾಲೆಯಲ್ಲಿ ಇಂಥ ಮಕ್ಕಳು ಎಷ್ಟು, ಅವರ ಬದಿಗೆ ಈಗ ಕೂಡುತ್ತಿರುವವರು ಯಾರು, ಅವರಲ್ಲಿ ಪಾಠ ಬಿಟ್ಟು ಕೂಡುವ ಅಕ್ಕಂದಿರು ಎಷ್ಟು, ಕೂಲಿ ಬಿಟ್ಟು ಕೂಡುವ ತಾಯಂದಿರು ಎಷ್ಟು ಎಂಬ ಲೆಕ್ಕವನ್ನು ಬರೆದು, ಒಂದು ಪ್ರತಿಯನ್ನು ಪಂಚಾಯತಿಗೂ ಇನ್ನೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕಳಿಸಬಹುದು. ಅದಕ್ಕೆ ಒಂದು ಹಾಳೆ ಕಾಗದ ಸಾಕು. ಮೊದಲು ಅಕ್ಕಂದಿರನ್ನು ತಮ್ಮ ಇಯತ್ತೆಗೆ ಹಿಂದಿರುಗಿಸಿ, ಆ ಜಾಗಕ್ಕೆ ಪಂಚಾಯತಿಯ ಹಣದಿಂದ ಒಬ್ಬ ಹೆಂಗಸನ್ನು ದಿನಕ್ಕೆ ಮೂರು ತಾಸಿನ ಮಟ್ಟಿಗಾದರೂ ಗೊತ್ತುಮಾಡಲಿ. ಹೀಗೆ ನಡೆಸಿದ ಶಾಲೆಗಳು ತಮ್ಮ ವರ್ಷದ ಅನುಭವವನ್ನು ಬರೆದು ಕಳಿಸಿದರೆ ಈ ಪುಟದಲ್ಲಿ ಅದಕ್ಕೆ ಸ್ಥಳವಿದೆ.